ಕೂಗಿದ್ದು ಉಳಿಯುವುದಿಲ್ಲ, ಬರೆದುಕೊಟ್ಟದ್ದು ಉಳಿಯುತ್ತದೆ: ನಮ್ಮ ಜಿಲ್ಲೆಯ ಸಾರ್ವಜನಿಕ ಸಭೆಗಳ ಬಗ್ಗೆ ಒಂದು ಚರ್ಚೆ

ಶಿರಸಿ ಮಾಸ್ತರು

ಉತ್ತರ ಕನ್ನಡದಲ್ಲಿ ಒಂದು ಯೋಜನೆಯ ಚರ್ಚೆ ತಣ್ಣಗಾಗುವ ಮೊದಲೇ ಇನ್ನೊಂದು ಬಂದು ನಿಲ್ಲುತ್ತದೆ. ಕಾಳಿ ಕಣಿವೆಯ ಅಣೆಕಟ್ಟುಗಳು, ಕೈಗಾ ಅಣುವಿದ್ಯುತ್ ಸ್ಥಾವರ, ಸೀಬರ್ಡ್ ನೌಕಾನೆಲೆ, ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ, ಕಾಸರಕೋಡ ಮತ್ತು ಕೇಣಿಯ ಬಂದರುಗಳು, ಬೇಡ್ತಿ-ವರದಾ ನದಿ ಜೋಡಣೆ, ಶರಾವತಿ ಪಂಪ್ಡ್ ಸ್ಟೋರೇಜ್ ಹೀಗೆ ಪಟ್ಟಿ ಉದ್ದವಿದೆ. ಪ್ರತಿಯೊಂದರಲ್ಲೂ ಪರವಾಗಿರುವವರು ನಮ್ಮವರೇ, ವಿರೋಧಿಸುವವರೂ ನಮ್ಮವರೇ. ಭಿನ್ನಾಭಿಪ್ರಾಯ ಇರುವುದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಸಭೆ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಒಬ್ಬರು ಇನ್ನೊಬ್ಬರನ್ನು ‘ಅಭಿವೃದ್ಧಿ ವಿರೋಧಿ’ ಎಂದೋ ‘ಕಂಪನಿಯ ಏಜೆಂಟ’ ಎಂದೋ ಕರೆದು, ಅಲ್ಲಿಂದ ಮುಂದೆ ವಿಷಯವೇ ಕಳೆದುಹೋಗುವುದನ್ನು ನೋಡುವಾಗ ಸಂಕಟವಾಗುತ್ತದೆ.

ಶರಾವತಿ ಯೋಜನೆಯನ್ನೇ ತೆಗೆದುಕೊಳ್ಳೋಣ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ವಿದ್ಯುತ್ತಿಗೆ ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಹರಿಸಿ 2000 ಮೆಗಾವಾಟ್‌ವರೆಗೆ ವಿದ್ಯುತ್ ಪಡೆಯುವುದು ಅದರ ಉದ್ದೇಶ. ವಿರೋಧಿಸುವವರು ‘ಇದು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ, ಆದ್ದರಿಂದ ಇದು ಮೋಸ’ ಎನ್ನುತ್ತಾರೆ. ಬೆಂಬಲಿಸುವವರು ‘ರಾಜ್ಯಕ್ಕೆ ಹೊಸದಾಗಿ 2000 ಮೆಗಾವಾಟ್ ಸಿಗುತ್ತದೆ’ ಎನ್ನುತ್ತಾರೆ. ಎರಡೂ ಅರ್ಧ ಸತ್ಯ. ಜಗತ್ತಿನಲ್ಲಿ ಎಲ್ಲೇ ಆಗಲಿ, ಇಂಥ ಸ್ಥಾವರಕ್ಕೆ ನೂರು ಯೂನಿಟ್ ಹಾಕಿದರೆ ಸುಮಾರು ಎಪ್ಪತ್ತರಿಂದ ಎಂಬತ್ತು ಯೂನಿಟ್ ಮಾತ್ರ ಮರಳಿ ಬರುತ್ತದೆ. ಅದು ಯಾರೂ ಮುಚ್ಚಿಟ್ಟ ಗುಟ್ಟಲ್ಲ; ಅದು ವಿದ್ಯುತ್ತನ್ನು ಹುಟ್ಟಿಸುವ ವ್ಯವಸ್ಥೆಯಲ್ಲ, ಕೂಡಿಡುವ ವ್ಯವಸ್ಥೆ. ಇಷ್ಟನ್ನು ಎರಡೂ ಕಡೆಯವರು ಒಪ್ಪಿಕೊಂಡ ಮೇಲೆಯೇ ನಿಜವಾದ ಪ್ರಶ್ನೆಗಳು ಎದ್ದು ಬರುತ್ತವೆ. ಕೂಡಿಡುವುದಕ್ಕೆ ಸಿಂಗಳೀಕಗಳ ಅಭಯಾರಣ್ಯವೇ ಬೇಕೇ, ಬ್ಯಾಟರಿಯಂಥ ಬೇರೆ ದಾರಿಯ ಖರ್ಚು ಎಷ್ಟು, ಸುರಂಗ ತೋಡಿದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಮಳೆಗಾಲದಲ್ಲಿ ಆ ಮಣ್ಣು ಎಲ್ಲಿಗೆ ಇಳಿಯುತ್ತದೆ, ಗೇರುಸೊಪ್ಪದಿಂದ ಹೊನ್ನಾವರದ ಅಳಿವೆಯವರೆಗಿನ ಹರಿವು ಬದಲಾದರೆ ಉಪ್ಪುನೀರು ಯಾವ ಊರಿನ ಬಾವಿಯವರೆಗೆ ಏರುತ್ತದೆ? ಇವುಗಳಲ್ಲಿ ಒಂದೊಂದೂ ಉತ್ತರ ಬೇಡುವ ಪ್ರಶ್ನೆ. ‘ಮೋಸ’ ಎಂಬ ಒಂದು ಪದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಹಿರಿಯರಿಗೆ ಬೇಡ್ತಿ ನೆನಪಿದೆ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಪ್ರಸ್ತಾಪ ಬಂದಾಗ ಅಡಿಕೆ, ಏಲಕ್ಕಿ, ಕಾಳುಮೆಣಸಿನ ತೋಟಗಳು ಮುಳುಗುವುದರಲ್ಲಿದ್ದವು. ಸಿಟ್ಟು ಆಗಲೂ ಇತ್ತು, ಅಳುವೂ ಇತ್ತು. ಆದರೆ 1981ರಲ್ಲಿ ಇಲ್ಲಿನ ಬೆಳೆಗಾರರು ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಸಿ, ವಿಜ್ಞಾನಿಗಳನ್ನೂ ಯೋಜನೆಯನ್ನು ಬಲ್ಲವರನ್ನೂ ಕೂರಿಸಿಕೊಂಡು ಲಾಭ ನಷ್ಟದ ಲೆಕ್ಕವನ್ನೇ ಮರುಪರೀಕ್ಷೆಗೆ ಒಡ್ಡಿದರು. ಮುಳುಗುವ ಕಾಡಿಗೆ ಬೆಲೆ ಕಟ್ಟಿದ್ದು ಸರಿಯೇ, ತೋಟದಿಂದ ಬರುವ ವರಮಾನವನ್ನು ಎಷ್ಟು ವರ್ಷಕ್ಕೆ ಹಿಡಿದಿದ್ದೀರಿ ಎಂದು ಕೇಳಿದರು. ಆ ಯೋಜನೆ ಮುಂದೆ ಹೋಗಲಿಲ್ಲ. ಅದು ನಿಂತಿದ್ದಕ್ಕೆ ಕಾರಣ ಒಂದೇ ಎಂದು ನಾನು ಹೇಳುವುದಿಲ್ಲ; ರಾಜಕೀಯವೂ ಇತ್ತು, ಜನಬಲವೂ ಇತ್ತು. ಆದರೂ ಸರ್ಕಾರದ ಲೆಕ್ಕಕ್ಕೆ ಎದುರಾಗಿ ಜನರ ಲೆಕ್ಕವೊಂದು ಮೇಜಿನ ಮೇಲೆ ಬಂದದ್ದು ನಮ್ಮ ಜಿಲ್ಲೆಯ ಸಾರ್ವಜನಿಕ ಬದುಕಿನ ದೊಡ್ಡ ಘಟನೆ ಎಂದು ನಾನು ನಂಬುತ್ತೇನೆ.

ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದನ್ನೇ ಎತ್ತಿಕೊಂಡು ಉತ್ತರಿಸುವ ರೂಢಿ ನಮಗೆ ಹೊಸದೇನಲ್ಲ. ರಾತ್ರಿಯೆಲ್ಲ ಕುಳಿತು ತಾಳಮದ್ದಳೆ ಕೇಳುವ ಊರುಗಳಿವು. ಪಾತ್ರದ ಮಾತನ್ನಾಡುವ ಅರ್ಥಧಾರಿಯೊಬ್ಬ ಎದುರಿನವನ ಪ್ರಶ್ನೆಯನ್ನು ಬಿಟ್ಟು ಬೇರೇನೋ ಹೇಳಿ ಜಾರಿಕೊಂಡರೆ ಮುಂದಿನ ಸಾಲಿನ ಅಜ್ಜಂದಿರಿಗೆ ತಕ್ಷಣ ಗೊತ್ತಾಗುತ್ತದೆ. ಅಂಥ ಕಿವಿಯುಳ್ಳ ಜನ ಅಹವಾಲು ಸಭೆಯಲ್ಲಿ ಮಾತ್ರ ಯಾಕೆ ಮೈಕು ಕಸಿದುಕೊಳ್ಳಬೇಕು? ನಿಮ್ಮ ಅನುಭವಗಳನ್ನು ದಯವಿಟ್ಟು ಬರೆಯಿರಿ.

ಕುಮಟಾ ಅಕ್ಕೋರು

ಮಾಸ್ತರೇ, ನಿಮ್ಮ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಅದರ ಒಂದು ಭಾಗವನ್ನು ಒಪ್ಪುವುದು ನನಗೆ ಕಷ್ಟ. ‘ತಾಳ್ಮೆಯಿಂದ ಮಾತನಾಡಿ, ಅಂಕಿ ಅಂಶ ಕೊಡಿ’ ಎಂದು ಹೇಳುವುದು ಕಳೆದುಕೊಳ್ಳಲು ಏನೂ ಇಲ್ಲದವರಿಗೆ ಸುಲಭ. ನೂರಾರು ಪುಟಗಳ ಪರಿಸರ ವರದಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸು ಆ ವರದಿಯನ್ನು ಯಾವಾಗ ಓದಬೇಕು? ಅವಳು ಸಭೆಗೆ ಬಂದು ಅತ್ತರೆ, ಅದು ‘ಭಾವಾವೇಶ’ ಎನಿಸಿಕೊಳ್ಳುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಲಹೆಗಾರ ಪರದೆಯ ಮೇಲೆ ತೋರಿಸಿದ್ದು, ಅದರಲ್ಲಿ ತಪ್ಪಿದ್ದರೂ, ‘ದತ್ತಾಂಶ’ ಎನಿಸಿಕೊಳ್ಳುತ್ತದೆ.

ತಾಳಮದ್ದಳೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಅಲ್ಲಿಯೂ ಎಷ್ಟೋ ಸಲ ಗೆಲ್ಲುವುದು ಧರ್ಮದ ಪಕ್ಷವಲ್ಲ, ಮಾತಿನಲ್ಲಿ ಚತುರನಾದವನು. ತಣ್ಣಗಿನ ದನಿಯಲ್ಲಿ ಹೇಳಿದ್ದೆಲ್ಲ ಸತ್ಯವಾಗುವುದಿಲ್ಲ. ಒಂದು ಸಭೆಯಲ್ಲಿ ಅಧಿಕಾರಿಯೊಬ್ಬರು ಬಹಳ ಸಮಾಧಾನದಿಂದ ‘ಈ ಭಾಗದಲ್ಲಿ ಮೀನುಗಾರಿಕೆ ಗಣನೀಯವಾಗಿಲ್ಲ’ ಎಂದು ಓದಿದಾಗ ನಮ್ಮ ಹೆಂಗಸರು ಎದ್ದು ಕೂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಅಸಭ್ಯರಾಗಿ ನಡೆದುಕೊಂಡವರು ಯಾರು?

ಹೊನ್ನಾವರದ ವಕೀಲ

ಅಕ್ಕೋರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಆದರೆ ಅದೇ ಹೆಂಗಸರ ಪರವಾಗಿ ಕೆಲವು ಸಂಗತಿಗಳನ್ನು ಹೇಳಬೇಕಾಗಿದೆ.

ಸಾರ್ವಜನಿಕ ಅಹವಾಲು ಸಭೆ ನಡೆಯುವುದು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕರಡು ವರದಿ ಮತ್ತು ಅದರ ಸಾರಾಂಶವನ್ನು ನೋಡಲು ಜಿಲ್ಲಾಡಳಿತದ ಕಚೇರಿ, ಪಂಚಾಯ್ತಿ ಮುಂತಾದ ಕಡೆ ಇಡಬೇಕು. ಅಧ್ಯಕ್ಷತೆ ಜಿಲ್ಲಾಧಿಕಾರಿಯದ್ದು ಅಥವಾ ಅವರು ನೇಮಿಸಿದ, ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಅಧಿಕಾರಿಯದ್ದು. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಹಾಜರಿದ್ದ ಪ್ರತಿಯೊಬ್ಬರಿಗೂ ಯೋಜನೆಯವರಿಂದ ವಿವರಣೆ ಕೇಳುವ ಹಕ್ಕಿದೆ. ಬಹಳ ಜನರ ಗಮನಕ್ಕೆ ಬಾರದ ಒಂದು ನಿಯಮವೂ ಇದೆ: ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸೇರಿದವರಿಗೆ ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು, ಅದೇ ದಿನ ಅದಕ್ಕೆ ಸಹಿ ಬೀಳಬೇಕು.

ಅನೇಕ ಕಡೆ ಆ ಹೊತ್ತಿಗೆ ಜನ ಇರುವುದೇ ಇಲ್ಲ. ಗಲಾಟೆಯಾಗಿ, ಸಭಾತ್ಯಾಗವಾಗಿ, ಪೊಲೀಸರು ಬಂದು, ಚಪ್ಪರ ಖಾಲಿಯಾಗಿರುತ್ತದೆ. ಖಾಲಿ ಕುರ್ಚಿಗಳ ಎದುರು ಓದಿದ ನಡಾವಳಿಯಲ್ಲಿ ‘ಕೆಲವರು ವಿರೋಧ ವ್ಯಕ್ತಪಡಿಸಿದರು’ ಎಂಬ ಒಂದು ಸಾಲಿಗೆ ಎಲ್ಲ ಮುಗಿದಿರುತ್ತದೆ. ಮುಂದೆ ದೆಹಲಿಯ ಪರಿಣತರ ಸಮಿತಿ ಮುಖ್ಯವಾಗಿ ನೋಡುವುದು ಆ ನಡಾವಳಿಯನ್ನು ಮತ್ತು ಅದರ ಒಂದೊಂದು ಅಂಶಕ್ಕೆ ಯೋಜನೆಯವರು ಕೊಟ್ಟ ಉತ್ತರವನ್ನು. ಅನುಮತಿ ಸಿಕ್ಕ ಮೇಲೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ. ಸಕಾರಣವಿದ್ದರೆ ಇನ್ನೂ 60 ದಿನ. ಅಲ್ಲಿ ನಾವು ನಿಂತು ವಾದಿಸುವಾಗ ‘ಈ ಆಕ್ಷೇಪವನ್ನು ಸಭೆಯಲ್ಲಿ ಎತ್ತಲಾಗಿತ್ತು, ಅದಕ್ಕೆ ಉತ್ತರವನ್ನೇ ಕೊಟ್ಟಿಲ್ಲ’ ಎಂದು ತೋರಿಸಲು ಕಾಗದ ಬೇಕು. ಎಷ್ಟೋ ಪ್ರಕರಣಗಳಲ್ಲಿ ನೋವು ನಿಜವಾಗಿರುತ್ತದೆ, ಕಾಗದ ಮಾತ್ರ ಇರುವುದಿಲ್ಲ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಹೆಚ್ಚು ಬೇಸರ ತರುವ ಸಂಗತಿ ಇನ್ನೊಂದಿಲ್ಲ.

‘ಮೀನುಗಾರಿಕೆ ಗಣನೀಯವಾಗಿಲ್ಲ’ ಎಂದು ಓದಿದಾಗ ಎದ್ದು ಕೂಗಿದ್ದು ತಪ್ಪಲ್ಲ. ಆದರೆ ಕೂಗಿದ ಮೇಲೆ ಅದೇ ಹೆಂಗಸರಲ್ಲಿ ಒಬ್ಬರು ‘ನಾನು ಇಂಥ ಕೇರಿಯವಳು, ಇಂಥ ಜಾಗದಲ್ಲಿ, ವರ್ಷದ ಇಂಥ ತಿಂಗಳುಗಳಲ್ಲಿ ಬಳಚು ಹೆಕ್ಕುತ್ತೇನೆ, ದಿನಕ್ಕೆ ಇಷ್ಟು ಬುಟ್ಟಿ, ಬುಟ್ಟಿಗೆ ಇಷ್ಟು ದರ’ ಎಂದು ಬರೆಸಿ, ಹೆಬ್ಬೆಟ್ಟು ಒತ್ತಿ, ಸ್ವೀಕೃತಿ ಮುಹರು ಹಾಕಿಸಿಕೊಂಡಿದ್ದರೆ ಸಲಹೆಗಾರನ ಆ ಸಾಲು ನಿಲ್ಲುತ್ತಿರಲಿಲ್ಲ.

ಕಾರವಾರ ಕೋಡಿಬಾಗ

ಹಿರಿಯರೆಲ್ಲ ಕ್ಷಮಿಸಬೇಕು, ನಾನು ಬೇರೆಯದೇ ಮಾತು ಹೇಳುತ್ತೇನೆ. ಈ ಜಿಲ್ಲೆಗೆ ಒಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಎಷ್ಟು ವರ್ಷ ಮನವಿ ಕೊಟ್ಟರು? ಮನವಿಗಳೆಲ್ಲ ಸಭ್ಯವಾಗಿಯೇ ಇದ್ದವು. ಅಪಘಾತವಾದರೆ ಇಂದಿಗೂ ನಾವು ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ನಲ್ಲಿ ಮಗುಚಿ ಜನ ಸತ್ತ ಮೇಲೆ, ಇಡೀ ಜಿಲ್ಲೆ ಸಿಡಿದೆದ್ದ ಮೇಲೆಯೇ ಬೆಂಗಳೂರಿನಲ್ಲಿ ನಮ್ಮ ಹೆಸರು ಕೇಳಿಸಿತು. ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂದು ಯುವಕರು ಕೂಗದೇ ಇದ್ದಿದ್ದರೆ ಆ ಮಾತು ವಿಧಾನಸಭೆಯವರೆಗೆ ಹೋಗುತ್ತಿರಲಿಲ್ಲ. ಸಿಟ್ಟನ್ನು ಬಿಡಿ ಎಂದು ನಮಗೆ ಹೇಳಬೇಡಿ. ನಮ್ಮಲ್ಲಿ ಉಳಿದಿರುವುದು ಅದೊಂದೇ.

ಶಿರಸಿ ಮಾಸ್ತರು

ಕೋಡಿಬಾಗದ ತಮ್ಮನಿಗೆ: ಸಿಟ್ಟನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಲೂಬಾರದು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರಲ್ಲ, ಅದಕ್ಕಿಂತ ಭಾವನೆಯ ಕೆಲಸ ಯಾವುದಿದೆ? ಆದರೆ ಅಪ್ಪಿಕೊಂಡವರಿಗೆ ಏನು ಬೇಕೆಂಬುದು ಖಚಿತವಾಗಿತ್ತು. ಸಹಜ ಕಾಡಿನ ಹಸಿರು ಮರ ಕಡಿಯುವುದು ನಿಲ್ಲಬೇಕು, ಕಾಡು ತೆಗೆದು ತೇಗ, ನೀಲಗಿರಿ ನೆಡುವುದು ನಿಲ್ಲಬೇಕು. ಒಂದು ಮರ ಉರುಳುವಾಗ ಸುತ್ತಲಿನ ಎಷ್ಟು ಗಿಡ ಮರ ಹಾಳಾಗುತ್ತವೆ ಎಂಬುದನ್ನು ಅವರು ಅಧಿಕಾರಿಗಳನ್ನು ನಿಲ್ಲಿಸಿಕೊಂಡೇ ಕೇಳಿದರು. ‘ಉಳಿಸು, ಬೆಳೆಸು, ಬಳಸು’ ಎಂಬ ಮಾತಿನಲ್ಲಿ ಮೂರನೆಯದೂ ಇರುವುದನ್ನು ನೋಡಿ. ಕಾಡನ್ನು ಮುಟ್ಟಲೇಬಾರದು ಎಂದು ಅವರು ವಾದಿಸಲಿಲ್ಲ. ಸಿಟ್ಟಿಗೆ ಒಂದು ಬೇಡಿಕೆ ಇತ್ತು, ಬೇಡಿಕೆಗೆ ಒಂದು ಕಾರಣ ಇತ್ತು, ಕಾರಣವನ್ನು ಯಾರು ಬೇಕಾದರೂ ಕಾಡಿಗೆ ಬಂದು ಪರೀಕ್ಷಿಸಬಹುದಿತ್ತು.

ಆಸ್ಪತ್ರೆಯ ವಿಷಯದಲ್ಲಿ ಸಿಟ್ಟು ಬಾಗಿಲು ತಟ್ಟಿದೆ, ನಿಜ. ಬಾಗಿಲು ತೆರೆದವರು ‘ಏನು ಬೇಕು’ ಎಂದು ಕೇಳಿದಾಗ ನಮ್ಮಲ್ಲಿ ಒಬ್ಬರು ಕಾರವಾರ ಎಂದರು, ಒಬ್ಬರು ಕುಮಟಾ ಎಂದರು, ಒಬ್ಬರು ಶಿರಸಿ ಎಂದರು, ಆಮೇಲೆ ನಾವು ನಾವೇ ಬೈದಾಡಿಕೊಂಡೆವು. ಯಾವ ತಾಲೂಕಿನಿಂದ ತಿಂಗಳಿಗೆ ಎಷ್ಟು ರೋಗಿಗಳನ್ನು ಹೊರಗೆ ಕಳಿಸುತ್ತಾರೆ, ಯಾವ ಕಾಯಿಲೆಗೆ, ದಾರಿಗೆ ಎಷ್ಟು ಹೊತ್ತು ಬೇಕು ಎಂಬುದು ಸರ್ಕಾರಿ ಆಸ್ಪತ್ರೆಗಳ ದಾಖಲೆಯಲ್ಲಿರುವ ಮಾಹಿತಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಲೇಬೇಕು ಎಂದು 2005ರ ಕಾಯ್ದೆ ಹೇಳುತ್ತದೆ. ಆ ಪಟ್ಟಿ ಕೈಯಲ್ಲಿದ್ದರೆ ಯಾವ ಊರು ಎಂಬ ಜಗಳವೂ ಅರ್ಧ ಕಡಿಮೆಯಾಗುತ್ತದೆ.

ಅಕ್ಕೋರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಅನುಭವವೂ ಸಾಕ್ಷ್ಯವೇ. ಕೈಗಾದ ವಿಷಯದಲ್ಲಿ ಇದನ್ನು ಬಹಳ ಸಲ ಯೋಚಿಸಿದ್ದೇನೆ. 1994ರ ಮೇ ತಿಂಗಳಲ್ಲಿ ನಿರ್ಮಾಣದ ಹಂತದಲ್ಲೇ ಅಲ್ಲಿನ ಸ್ಥಾವರದ ಗುಮ್ಮಟದ ಒಳಭಾಗ ಕಳಚಿ ಬಿದ್ದದ್ದು ನಿಜ. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿಗೆ ವಿಕಿರಣಶೀಲ ಟ್ರೀಷಿಯಂ ಬೆರೆತು ನೌಕರರ ದೇಹ ಸೇರಿದ್ದು ನಿಜ. ಅದೇ ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದದ್ದೂ ನಿಜ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವವರನ್ನು ಎರಡೂ ಕಡೆಯವರು ಅನುಮಾನದಿಂದ ನೋಡುತ್ತಾರೆ. ನನಗೆ ಅಂಥವರ ಮಾತಿನಲ್ಲೇ ಹೆಚ್ಚು ವಿಶ್ವಾಸ.

ಹುಲೇಕಲ್ ಕಡೆಯ ಬೆಳೆಗಾರ

ಬೇರೆಯವರ ಯೋಜನೆಗಳ ಬಗ್ಗೆ ತಾಳ್ಮೆಯ ಮಾತು ಹೇಳುವುದು ಬೇರೆ, ನಮ್ಮ ಹೊಟ್ಟೆಪಾಡಿನ ವಿಷಯ ಬಂದಾಗ ಅದನ್ನು ಪಾಲಿಸುವುದು ಬೇರೆ. ಅಡಿಕೆಯ ವಿಷಯವನ್ನು ಎತ್ತಲೇಬೇಕೆನ್ನಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಒಂದನೆಯ ಗುಂಪಿಗೆ ಸೇರಿಸಿತು. ನಮ್ಮ ಸಭೆಗಳಲ್ಲಿ ಇದನ್ನು ಯಾರಾದರೂ ಪ್ರಸ್ತಾಪಿಸಿದರೆ ‘ವಿದೇಶಿ ಷಡ್ಯಂತ್ರ’ ಎಂಬ ಕೂಗು ಏಳುತ್ತದೆ, ಪ್ರಸ್ತಾಪಿಸಿದವನು ಬೆಳೆಗಾರನೇ ಆಗಿದ್ದರೂ ಅವನನ್ನು ಕೂರಿಸಿಬಿಡುತ್ತಾರೆ. ನಾನೂ ಅಡಿಕೆಯನ್ನೇ ನಂಬಿದವನು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವ ಕೊನೆಗೌಡರು ಸಿಗದೆ ಮಳೆಯಲ್ಲಿ ಕಾಯುವವನು, ಎಲೆಚುಕ್ಕೆ ಬಂದ ಮರಗಳನ್ನು ನೋಡಿ ನಿದ್ದೆಗೆಟ್ಟವನು. ಆದರೂ ಹೇಳುತ್ತೇನೆ, ಕೂಗಿ ಕೂರಿಸುವುದರಿಂದ ನಮಗೇ ನಷ್ಟ. ಒಂದನೆಯ ಗುಂಪು ಎಂದರೆ ಒಂದು ವಸ್ತು ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿಯಾಗಿದೆ ಎಂಬುದರ ಸೂಚನೆ. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನು ಆ ಗುಂಪು ಹೇಳುವುದಿಲ್ಲ. ತಂಬಾಕು, ಗುಟಖಾ ಜೊತೆಗಿನ ಬಳಕೆ, ಊಟದ ನಂತರದ ಒಂದು ಎಲೆ ಅಡಿಕೆಯ ಕವಳ, ದಿನವಿಡೀ ಬಾಯಲ್ಲಿಟ್ಟುಕೊಳ್ಳುವುದು, ಇವುಗಳ ಅಪಾಯ ಒಂದೇ ಮಟ್ಟದ್ದೇ ಎಂಬ ಪ್ರಶ್ನೆಯನ್ನು ನಾವು ಕೇಳಬಹುದು, ಕೇಳಬೇಕು. ಆದರೆ ಅದನ್ನು ಕೇಳುವ ಅರ್ಹತೆ ಬರುವುದು ವರದಿಯಲ್ಲಿ ಏನಿದೆ ಎಂಬುದನ್ನು ಮೊದಲು ಒಪ್ಪಿಕೊಂಡವರಿಗೆ. ನ್ಯಾಯಾಲಯದಲ್ಲಿ ‘ಷಡ್ಯಂತ್ರ’ ಎಂಬ ಮಾತು ಒಂದು ನಿಮಿಷವೂ ನಿಲ್ಲುವುದಿಲ್ಲ.

ಅಡಿಕೆಯ ಪರವಾಗಿರುವವರು ಈ ಕಹಿಯನ್ನು ತಮ್ಮವರ ನಡುವೆಯೇ ಮಾತನಾಡಲಾರದಷ್ಟು ಭಯಪಟ್ಟರೆ, ಪರ್ಯಾಯ ಬಳಕೆಯ ಬಗ್ಗೆ, ಪರ್ಯಾಯ ಬೆಳೆಯ ಬಗ್ಗೆ ಯೋಚಿಸುವುದು ಯಾವಾಗ?

ಸಿದ್ದಾಪುರದ ಆಶಾ ಕಾರ್ಯಕರ್ತೆ

ನಾನು ದೊಡ್ಡ ಸಭೆಗಳಲ್ಲಿ ಮಾತನಾಡಿದವಳಲ್ಲ. ಮನೆಯ ಜಗುಲಿಯಲ್ಲಿ ನಡೆಯುವ ಮಾತು ಗೊತ್ತು. ಮಂಗನ ಕಾಯಿಲೆ ಬಂದ ವರ್ಷ ಡೆಪಾ ತೈಲದ ಬಾಟಲಿ ಹಿಡಿದು ಒಂದು ಮನೆಗೆ ಹೋದಾಗ ಯಜಮಾನರು ‘ಲಸಿಕೆ ನಿಲ್ಲಿಸಿದಿರಿ, ಈಗ ಎಣ್ಣೆ ತಂದಿದ್ದೀರಾ’ ಎಂದು ಅಂಗಳದಿಂದಲೇ ರೇಗಿದರು. ಅವರ ಪಕ್ಕದ ಮನೆಯಲ್ಲಿ ಸಾವಾಗಿತ್ತು. ನಾನು ಎದುರು ಮಾತನಾಡಲಿಲ್ಲ. ‘ಲಸಿಕೆ ನಿಲ್ಲಿಸಿದ್ದು ನಿಜ ಮಾವಾ, ಅದು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು ಗೊತ್ತಾಗಿ ನಿಲ್ಲಿಸಿದರು, ಹೊಸದು ಇನ್ನೂ ನಮ್ಮ ಕೈಗೆ ಬಂದಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಜವನ್ನು ಒಪ್ಪಿಕೊಂಡ ಮೇಲೆ ಅವರು ಕುಳಿತರು. ಆಮೇಲೆ, ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಕಾಡಿನ ಉಣುಗು (ಉಣ್ಣೆ) ಕಚ್ಚುವುದರಿಂದ ಬರುತ್ತದೆ, ಸೊಪ್ಪು, ದರಕಿಗೆ (ಒಣ ಎಲೆಗೆ) ಹೋಗುವ ಮೊದಲು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಬೇಕು, ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಬೇಕು ಎಂಬುದನ್ನು ಕೇಳಿಸಿಕೊಂಡರು. ಪಕ್ಕದ ಮನೆಯವರನ್ನು ಯಾರೂ ಮಾತನಾಡಿಸದೆ ದೂರ ಇಟ್ಟಿದ್ದರು. ಅದೂ ಅಂದು ಸ್ವಲ್ಪ ಸಡಿಲವಾಯಿತು.

ಅಂಕೋಲಾದಿಂದ

2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ದಡದಲ್ಲಿ ನಿಂತು ನೋಡಿದವನು ನಾನು. ಕುಸಿತದಲ್ಲಿ ಕಾಣೆಯಾಗಿದ್ದ ಲಾರಿ ರಸ್ತೆಯ ಮಣ್ಣಿನಡಿಯೇ ಇದೆ ಎಂದು ಆಣೆ ಮಾಡಿ ಹೇಳಿದವರಿದ್ದರು. ಹಾಗಲ್ಲ ಎಂದವರಿಗೆ ಮಾನವೀಯತೆ ಇಲ್ಲ ಎಂದು ಬೈಗುಳ ಬಿತ್ತು. ಮಣ್ಣು ತೆಗೆಯುತ್ತಿದ್ದ ಹುಡುಗರಿಗೂ ಬಿತ್ತು. ಸೆಪ್ಟೆಂಬರ್ 25ರಂದು ಗೋವಾದಿಂದ ತಂದ ಡ್ರೆಜರ್ ಕೆಲಸ ಮಾಡುತ್ತಿದ್ದಾಗ ಲಾರಿ ನದಿಯಲ್ಲಿ ಸಿಕ್ಕಿತು. ಬೈದವರ ದುಃಖ ಸುಳ್ಳಲ್ಲ. ಆದರೆ ಗುಡ್ಡವನ್ನು ಆ ಕೋನದಲ್ಲಿ ಕಡಿಯಲು ಒಪ್ಪಿಗೆ ಕೊಟ್ಟವರು ಯಾರು, ಹೆದ್ದಾರಿಯ ಉದ್ದಕ್ಕೂ ಇಂಥ ಇಳಿಜಾರುಗಳು ಇನ್ನೆಲ್ಲಿವೆ ಎಂಬ ಪ್ರಶ್ನೆಗಳಿಗೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ. ಆ ಪ್ರಶ್ನೆಗಳನ್ನು ಈಗಲೂ ಕೇಳಬೇಕಾಗಿದೆ.

ಕುಮಟಾ ಅಕ್ಕೋರು

ವಕೀಲರೇ, ಹೆಬ್ಬೆಟ್ಟಿನ ಹೇಳಿಕೆಯ ಬಗ್ಗೆ ನೀವು ಬರೆದದ್ದನ್ನು ನಮ್ಮ ಕೇರಿಯ ಹೆಂಗಸರಿಗೆ ಓದಿ ಹೇಳಿದೆ. ಬಳಚಿನ ಲೆಕ್ಕವನ್ನು ತಾವೇ ಇಡಲು ಅವರು ಒಪ್ಪಿದ್ದಾರೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದಾಗ ‘ಹಾಗಾದರೆ ನಾವು ಹೆಕ್ಕುವುದನ್ನೂ ನಿಲ್ಲಿಸುತ್ತಾರೋ’ ಎಂಬ ಭಯ ಅವರಿಗೆ ಇತ್ತು. ವಿವೇಕದ ಬಳಕೆಗೆ ಅಲ್ಲಿ ಅಡ್ಡಿಯಿಲ್ಲ ಎಂದು ತಿಳಿಸಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಯಾವ ಯಾವ ಕಲಂ ಇರಬೇಕು, ಅದನ್ನು ಪಂಚಾಯ್ತಿಯಲ್ಲಿ ದೃಢೀಕರಿಸಬೇಕೇ ಎಂದು ತಿಳಿಸಿ. ಮುಂದಿನ ಗ್ರಾಮಸಭೆಗೆ ಮೊದಲು ಬೇಕು.

ಹೊನ್ನಾವರದ ವಕೀಲ

ದಿನಾಂಕ, ಇಳಿತದ ಹೊತ್ತು, ಹೆಕ್ಕಿದ ಜಾಗದ ಊರ ಹೆಸರು, ಜಾತಿ (ಬಳಚೋ, ಬೇರೆ ಚಿಪ್ಪೋ), ಎಷ್ಟು ಬುಟ್ಟಿ, ಬುಟ್ಟಿಯ ಅಂದಾಜು ತೂಕ, ಮಾರಿದ ದರ, ಹೆಕ್ಕಿದವರ ಸಹಿ ಅಥವಾ ಹೆಬ್ಬೆಟ್ಟು ಇದ್ದರೆ ಸಾಕು. ದೃಢೀಕರಣ ಕಡ್ಡಾಯವಲ್ಲ. ಆದರೆ ಗ್ರಾಮಸಭೆಯಲ್ಲಿ ಪುಸ್ತಕವನ್ನು ಮಂಡಿಸಿ, ಮಂಡಿಸಿದ್ದನ್ನು ನಡಾವಳಿಯಲ್ಲಿ ಬರೆಸಿ, ಅದರ ನಕಲು ಪಡೆದುಕೊಳ್ಳಿ. ಒಂದು ದಿನ ಬುಟ್ಟಿ ಖಾಲಿ ಬಂದರೆ ಅದನ್ನೂ ಬರೆಯಲು ಹೇಳಿ. ಶನಿವಾರ ಮಧ್ಯಾಹ್ನ ನಾನು ಕುಮಟಾಕ್ಕೆ ಬರುತ್ತೇನೆ, ಮೊದಲ ಪುಟವನ್ನು ಒಟ್ಟಿಗೆ ಕುಳಿತು ಬರೆಯೋಣ.